ಮೊದಲು ಗುಹೆಯೋ, ಮುಳುಗಿದ ಹಡಗೋ?

ಈಜಿಪ್ಟಿನ ಹುರ್ಘಾಡಾದಲ್ಲಿ ಟೆಕ್ನಿಕಲ್ ಡೈವಿಂಗ್, ಅಂದರೆ ಮಾಮೂಲಿ ಡೈವಿಂಗ್‌ನ ಮಿತಿ ದಾಟಿ ನೀರಿಗಿಳಿಯುವುದನ್ನು ಕಲಿಸುವುದು ನನ್ನ ಕೆಲಸ. ನೇತ್ರಾಣಿಯಲ್ಲಿ ಶುರು ಮಾಡಿ ಇಲ್ಲಿವರೆಗೆ ಬರುವ ನಮ್ಮ ಕಡೆಯ ಹುಡುಗರು ಕೇಳುವುದು ಒಂದೇ: "ಸರ್, ಡೆಕೊ ಕೋರ್ಸ್ ಆಯ್ತು. ಮುಂದೆ ರೆಕ್ ಮಾಡ್ಲಾ, ಕೇವ್ ಮಾಡ್ಲಾ?" ಡೆಕೊ ಅಂದರೆ ಆಳದಿಂದ ಬರುವಾಗ ಅಲ್ಲಲ್ಲಿ ನಿಂತು ನಿಧಾನಕ್ಕೆ ಮೇಲೇರುವುದು; ರೆಕ್ ಅಂದರೆ ಮುಳುಗಿದ ಹಡಗಿನೊಳಗೆ, ಕೇವ್ ಅಂದರೆ ನೀರೊಳಗಿನ ಗುಹೆಯೊಳಗೆ ಹೋಗುವುದು. ನನ್ನ ಹೊಟ್ಟೆಪಾಡು ನಡೆಯುವುದೇ ಮುಳುಗಿದ ಹಡಗುಗಳಿಂದ. ಆದರೂ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೆಕ್ಸಿಕೊಗೋ ಫ್ಲೋರಿಡಾಗೋ ಹೋಗಿ ಕೇವ್ ಮಾಡಿ ಅಂತೀನಿ. ನಮ್ಮ ಮ್ಯಾನೇಜರ್‌ಗೆ ಈ ಉತ್ತರ ಅಷ್ಟಾಗಿ ಹಿಡಿಸಲ್ಲ.

ಎರಡರಲ್ಲೂ ತಲೆ ಮೇಲೆ ಸೂರು ಇರುತ್ತದೆ. ಏನೇ ಎಡವಟ್ಟಾದರೂ ನೇರ ಮೇಲೆ ಬರುವ ಹಾಗಿಲ್ಲ. ಇದಕ್ಕೆ ತಯಾರಾಗುವುದು ಹೇಗೆ ಅಂತ ಗುಹೆಯವರು ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಕಲಿತರು. 1970ರ ದಶಕದಲ್ಲಿ ಫ್ಲೋರಿಡಾದ ಗುಹೆ ಡೈವರ್ ಷೆಕ್ ಎಕ್ಸ್ಲಿ ಇಂಥ ಅಪಘಾತಗಳನ್ನು ಕೂಡಿಸಿ ನೋಡಿದಾಗ ಮತ್ತೆ ಮತ್ತೆ ಸಿಕ್ಕಿದ್ದು ಮೂರು ಕಾರಣ: ಹೊರಗಿನವರೆಗೆ ಎಳೆದ ದಾರ ಇಲ್ಲ, ವಾಪಸಾಗಲು ಗ್ಯಾಸ್ ಉಳಿಸಿಲ್ಲ, ಆಳ ಜಾಸ್ತಿ. ಇವತ್ತಿನ ಕೇವ್ ಕೋರ್ಸ್ ನಿಂತಿರುವುದು ಇದರ ಮೇಲೆ. ಸಿಲಿಂಡರ್‌ನಲ್ಲಿ ಗ್ಯಾಸ್ ಒತ್ತಡ 200 ಬಾರ್ ಇದ್ದರೆ, ಮೂರು ಸಮ ಪಾಲಾಗಲಿ ಅಂತ ಲೆಕ್ಕಕ್ಕೆ 180 ಹಿಡಿ. ಒಳಗೆ ಹೋಗಲು 60, ಬರಲು 60, ಗೆಳೆಯನ ಗ್ಯಾಸ್ ಕೈಕೊಟ್ಟರೆ ಅಂತ 60. ಗ್ಯಾಸ್ ಮೀಟರ್ 140 ತೋರಿಸಿತೋ, ಎಂಥ ಚಂದದ ಕೋಣೆ ಎದುರಿಗಿದ್ದರೂ ತಿರುಗಬೇಕು.

ಆಮೇಲೆ ಲೈಟ್ ಆರಿಸಿ ಹೊರಬರುವ ಅಭ್ಯಾಸ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ದಾರವನ್ನು ಅದರೊಳಗೆ ಬಿಟ್ಟುಕೊಳ್ಳಬೇಕು, ಎಳೆಯಬಾರದು. ಹಿಂದಿನವನ ಕೈ ಮುಂದಿನವನ ಮೈಮೇಲೆ. ಮುಂದಕ್ಕೆ ತಳ್ಳಿದರೆ ನಡಿ, ಅದುಮಿ ಹಿಡಿದರೆ ನಿಲ್ಲು. ಇದನ್ನು ಇಷ್ಟು ಕಟ್ಟುನಿಟ್ಟಾಗಿ ಮಾಡಿಸುವ ರೆಕ್ ಕೋರ್ಸ್ ನಾನು ಕಂಡದ್ದು ಕಮ್ಮಿ.

ಹಾಗಂತ ಕೇವ್ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಬಂದವರನ್ನು ಸೀದಾ ಹಡಗಿನೊಳಗೆ ಬಿಡಲ್ಲ. ಅಬು ನುಹಾಸ್ ಹವಳದಿಬ್ಬದ ಹತ್ತಿರ 1983ರಲ್ಲಿ ಮುಳುಗಿದ ಗಿಯಾನಿಸ್ ಡಿ ಹಡಗು ಇದೆ. ಅದರ ಹಿಂಭಾಗ ಒಂದು ಮಗ್ಗುಲಿಗೆ ವಾಲಿದೆ. ಎಂಜಿನ್ ರೂಮಿನ ಮೆಟ್ಟಿಲು, ಕಂಬಿ, ಬಾಗಿಲು ಎಲ್ಲ ಓರೆ. ಕಣ್ಣು ಅದನ್ನೇ ನೆಟ್ಟಗೆ ಅಂದುಕೊಳ್ಳುತ್ತದೆ. ಗುಹೆಯಲ್ಲಿ ಚೆನ್ನಾಗಿ ಪಳಗಿದ ಒಬ್ಬ ಶಿಷ್ಯ ಒಳಗೆ ಬಂದವನೇ ಹಡಗಿನ ನೆಲಕ್ಕೆ ಸರಿಯಾಗಿ ಮೈ ವಾಲಿಸಿಬಿಟ್ಟ. ವಿಂಗ್‌ನ, ಅಂದರೆ ತೇಲಲು ಬೆನ್ನಿಗೆ ಕಟ್ಟುವ ಚೀಲದ, ಗಾಳಿ ಮೇಲಿನ ಮಗ್ಗುಲಿಗೆ ಸೇರಿತು, ಬಿಡುವ ವಾಲ್ವ್ ಕೆಳಗಾಯಿತು. ವಾಲ್ವಿನ ದಾರ ಎಳೆದರೂ ಗಾಳಿ ಹೋಗಲ್ಲ, ಆಸಾಮಿ ಮೇಲೇರುತ್ತಿದ್ದಾನೆ. ಅವನ ಮುಖದ ಮುಂದೆ ಬೆರಳಾಡಿಸಿ ಗುಳ್ಳೆ ಹೋಗುವ ದಿಕ್ಕು, ಅಂದರೆ ನಿಜವಾದ ಮೇಲು ಯಾವುದು ಅಂತ ತೋರಿಸಿದೆ. ಆಗ ಮೈ ಸರಿಮಾಡಿಕೊಂಡ.

ಅವನು ದಾರಿಯ ದಾರ ಕಟ್ಟಿದ್ದು ತುಕ್ಕು ಹಿಡಿದ ಬಾಗಿಲ ಅಂಚಿಗೆ. ಕಲ್ಲಿಗಾದರೆ ಅಂಥ ಗಂಟು ಸಾಕು, ಇಲ್ಲಿ ಆ ಅಂಚೇ ಬ್ಲೇಡ್. ಅದಕ್ಕೇ ನಾನು ಸ್ವಲ್ಪ ದಪ್ಪ ದಾರ ಕೊಡುತ್ತೇನೆ, ಎರಡು ಕಟರ್ ಇಟ್ಟುಕೊಳ್ಳಿ ಅಂತೀನಿ. ಜೋತುಬಿದ್ದ ವೈರು, ಮೀನಿನ ಬಲೆ ಗುಹೆಯಲ್ಲಿ ಎಲ್ಲಿ ಬರಬೇಕು? ಅಲ್ಲಿ ಹೂಳು ಎಬ್ಬಿಸದೆ ಕಾಲಾಡಿಸುವುದು ದೊಡ್ಡ ವಿದ್ಯೆ. ಇಲ್ಲಿ ಕಾಲು ಆಡಿಸದಿದ್ದರೂ ನೀವು ಬಿಟ್ಟ ಉಸಿರೇ ಮೇಲಿನ ತುಕ್ಕು ಉದುರಿಸುತ್ತದೆ. ಕಬ್ಬಿಣ ಕೊಳೆಯುತ್ತಾ ಇರುತ್ತದೆ, ಹೋದ ವರ್ಷದ ದಾರಿ ಈ ವರ್ಷ ಇರದೆಯೂ ಇರಬಹುದು.

ಪಕ್ಕದಲ್ಲೇ 1869ರಲ್ಲಿ ಸೂಯೆಜ್‌ನಿಂದ ಮುಂಬೈಗೆ ಹೊರಟು ಮುಳುಗಿದ 'ಕರ್ನಾಟಿಕ್' ಇದೆ. ಹೆಸರು ಕೇಳಿದ ಕೂಡಲೇ ನಮ್ಮವರಿಗೆ ಪುಳಕ. ಮರದ ಅಟ್ಟಗಳು ಕೊಳೆತು ಹೋಗಿ ಪಕ್ಕೆಲುಬಷ್ಟೇ ಉಳಿದಿರುವುದರಿಂದ ಬೆಳಕು ಎಲ್ಲ ಕಡೆಯಿಂದ ಬರುತ್ತದೆ. ಮೊದಲ ದಿನದ ಪಾಠಕ್ಕೆ ಒಳ್ಳೆಯ ಜಾಗ.

ಹೊರಗೆ ಬಂದಮೇಲೂ ಕೆಲಸ ಮುಗಿಯಲ್ಲ. ಗುಹೆಯಲ್ಲಿ ಡೆಕೊ ಮಾಡುವಾಗ ಕಲ್ಲು ಹಿಡಿದು ನಿಲ್ಲಬಹುದು. ಇಲ್ಲಿ ಸೆಳೆತದಲ್ಲಿ ತೇಲುತ್ತಾ ಬೋಯ್, ಅಂದರೆ ನೀರ ಮೇಲೆ ತೇಲುವ ಗುರುತನ್ನು, ಮೇಲಕ್ಕೆ ಬಿಡಬೇಕು, ಅದು ದೋಣಿಯವನ ಕಣ್ಣಿಗೆ ಬೀಳಬೇಕು.

ಇನ್ನು ಎರಡೇ ವರ್ಷದಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ಮುಳುಗಿದ ಹಡಗುಗಳನ್ನು ನೋಡಲೇಬೇಕು, ಗುಹೆ ಕಡೆ ಮನಸ್ಸೇ ಇಲ್ಲ ಅನ್ನುವವರು ಸುಮ್ನೆ ಮೆಕ್ಸಿಕೊ ಟಿಕೆಟ್ ತಗೋಬೇಡಿ. ಇಲ್ಲಿಗೇ ಬನ್ನಿ. ಆದರೆ ಬುಕ್ಕಿಂಗ್‌ಗೆ ಮುಂಚೆ ಒಂದು ವಿಡಿಯೊ ಕಳಿಸಿ: ಮಾಸ್ಕ್ ಗಾಜಿಗೆ ಕಪ್ಪು ಬಟ್ಟೆ ಹಚ್ಚಿಕೊಂಡು, ಈಜುಕೊಳದಲ್ಲಿ ದಾರ ಹಿಡಿದು, ಗೆಳೆಯನ ಗ್ಯಾಸ್ ಉಸಿರಾಡುತ್ತಾ ಈ ತುದಿಯಿಂದ ಆ ತುದಿಗೆ. ಅದನ್ನು ನೋಡಿ ತಾರೀಖು ಹೇಳುತ್ತೇನೆ.