ನಲ್ಲಿ ಹತ್ತಿರದ ಸಾಲು

ಕೊಪ್ಪಳದ ಹತ್ತಿರದ ನಮ್ಮ ಶಾಲೆಯಲ್ಲಿ ಜಗಳ ಜಾಸ್ತಿ ಆಗುತ್ತಿದ್ದದ್ದು ಕ್ಲಾಸಿನಲ್ಲಲ್ಲ, ಬಿಸಿಯೂಟ ಮುಗಿದ ಮೇಲೆ ತಟ್ಟೆ ತೊಳೆಯುವ ನಲ್ಲಿ ಹತ್ತಿರ. ಮೇಷ್ಟ್ರು ಮಕ್ಕಳಿಗೆ ಹೊಡೆಯುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಅದನ್ನು ನಿಷೇಧಿಸಿದೆ, ಮಾನಸಿಕ ಕಿರುಕುಳವನ್ನೂ. ಸರಿ, ಬೆತ್ತದ ಜಾಗಕ್ಕೆ ಏನು? ನಾನು ಒಂದು ಹೇಳುತ್ತಿದ್ದೆ, ಪಿಟಿ ಮಾಸ್ತರು ಇನ್ನೊಂದು. ಯಾರ ಮುಂದೆ ಏನು ನಡೆಯುತ್ತೆ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು, ಅಲ್ವಾ? ಕೊನೆಗೆ ಅಡುಗೆ ಅಕ್ಕನೂ ಸೇರಿ ಎಲ್ಲರೂ ಕೂತು ಒಂದೇ ಮಾತಿಗೆ ಬಂದೆವು: ಸಾಲಿನಲ್ಲಿ ನಿಲ್ಲು, ಚಿಕ್ಕವರಿಗೆ ಮೊದಲು ಬಿಡು. ಸುಮ್ನೆ ಗೋಡೆ ಮೇಲೆ ಬರೆಯಲಿಲ್ಲ, ಒಂದು ವಾರ ನಾವೇ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆವು, ಸರಿಯಾಗಿ ನಡೆದುಕೊಂಡವರನ್ನು ಹೆಸರು ಹಿಡಿದು ಅಲ್ಲೇ ಮೆಚ್ಚಿದೆವು. (ಸರಿಯಾಗಿ ನಡೆದುಕೊಂಡವರ ಹೆಸರಿನ ಮುಂದೆ ನಕ್ಷತ್ರ ಅಂಟಿಸುವ ಚಾರ್ಟು ಮಾತ್ರ ನನಗೆ ಹಿಡಿಸಲಿಲ್ಲ, ಅದಕ್ಕೇ ಹೊಸ ಜಗಳ!) ಮೊನ್ನೆ ಅವಸರದಲ್ಲಿ ಮುಂದೆ ನುಗ್ಗಿದ ನನಗೇ ಏಳನೇ ಕ್ಲಾಸಿನ ಹುಡುಗ ಹೇಳಿದ: "ಸರ್ರೀ, ಸಾಲು ಆ ಕಡಿ ಐತ್ರೀ."