ಅಷ್ಟು ದೊಡ್ಡದನ್ನು ಯಾಕೆ ಹೊತ್ತು ತಿರುಗುತ್ತೀರಿ?

ಈ ಪ್ರಶ್ನೆ ಸಾಮಾನ್ಯವಾಗಿ ಲಿಫ್ಟ್ ಹತ್ತಿರ ಶುರುವಾಗುತ್ತದೆ. ಚೀಲ ತೊಡಿಸಿ ನಿಲ್ಲಿಸಿದರೆ ನನ್ನ ಡಬಲ್ ಬೇಸ್ ನನಗಿಂತ ಎತ್ತರ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಅದನ್ನು ದೊಡ್ಡ ಪಿಟೀಲು ಅನ್ನುತ್ತಾರೆ. ಹೊಸದಾಗಿ ಬಂದ ವಾಚ್‌ಮನ್ ಒಮ್ಮೆ "ಫ್ರಿಜ್ಜಾ ಸಾರ್?" ಅಂತ ಕೇಳಿದ್ದ. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಗಿಟಾರ್ ತರಹದ್ದು ಬರುತ್ತಲ್ಲ, ಬೇಸ್ ಗಿಟಾರು, ಅದನ್ನೇ ನುಡಿಸಬಾರದಾ?" ಸ್ವಲ್ಪ ಸಂಗೀತ ಗೊತ್ತಿರುವವರಾದರೆ ಇನ್ನೊಂದು ಮಾತು ಸೇರಿಸುತ್ತಾರೆ. "ಜಾಝ್‌ನಲ್ಲಿ ಈ ದೊಡ್ಡದನ್ನು ನುಡಿಸುವವರಿಗೆ ಎಲೆಕ್ಟ್ರಿಕ್ ಕಂಡರೆ ಆಗುವುದಿಲ್ಲವಂತೆ, ಹೌದಾ?"

ಲಿಫ್ಟ್ ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಒಪ್ಪಿಗೆ. ಎರಡರಲ್ಲೂ ನಾಲ್ಕು ತಂತಿ, ಎರಡಕ್ಕೂ ಒಂದೇ ಶ್ರುತಿ. ಕಾಗದದ ಮೇಲೆ ಬರೆದರೆ ಎರಡೂ ಒಂದೇ ವಾದ್ಯ. ಮತ್ತೆ, ಎಲೆಕ್ಟ್ರಿಕ್ ಕಂಡರೆ ಮುಖ ಸಿಂಡರಿಸುವ ಡಬಲ್ ಬೇಸ್‌ನವರು ಇದ್ದರು, ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಆದರೆ ಆ ಸಿಟ್ಟು ಕರೆಂಟಿನ ಮೇಲೆ ಅಂತ ಜನ ಅಂದುಕೊಳ್ಳುತ್ತಾರಲ್ಲ, ಅದು ತಪ್ಪು. ಕರೆಂಟಿನ ಹಿಂದೆ ಮೊದಲು ಓಡಿದವರೇ ಡಬಲ್ ಬೇಸ್‌ನವರು.

ಹಿಂದಿನ ಕಾಲದ ಬೇಸ್ ವಾದಕನ ಪಾಡು ಯೋಚನೆ ಮಾಡಿ. ಕುರಿ ಕರುಳಿನ ತಂತಿ, ಬೆರಳು ಕಿತ್ತುಹೋಗುವ ಹಾಗೆ ಮೀಟಬೇಕು, ಪಕ್ಕದಲ್ಲಿ ತುತ್ತೂರಿ, ಟ್ರಾಂಬೋನ್, ಡ್ರಮ್ಸ್ ಎಲ್ಲ ಸೇರಿ ಹದಿನೈದು ಜನ. ಅವನು ನುಡಿಸಿದ್ದು ಮೊದಲನೇ ಸಾಲಿಗೂ ಸರಿಯಾಗಿ ತಲುಪುತ್ತಿರಲಿಲ್ಲ. 1946ರಲ್ಲಿ ಅಮೆರಿಕದ ಎವರೆಟ್ ಹಲ್ ಅನ್ನುವವರು, ಅವರೂ ಬೇಸ್ ನುಡಿಸುತ್ತಿದ್ದವರೇ, ವಾದ್ಯವನ್ನು ನೆಲಕ್ಕೆ ಊರುವ ಕಡ್ಡಿ ಇರುತ್ತದಲ್ಲ, ಅದರೊಳಗೇ ಒಂದು ಪುಟ್ಟ ಮೈಕ್ ತೂರಿಸಿದರು. ಆ ಕಡ್ಡಿಗೆ ಅಲ್ಲಿಯವರು ಪೆಗ್ ಅನ್ನುತ್ತಾರೆ. ಆಂಪ್ಲಿಫೈ ಮಾಡಿದ ಪೆಗ್, ಹಾಗಾಗಿ ಆಂಪೆಗ್. ಇವತ್ತು ರಾಕ್ ಬ್ಯಾಂಡುಗಳ ಹಿಂದೆ ಬೀರುವಿನ ಹಾಗೆ ನಿಂತಿರುವ ಆ ಆಂಪ್ ಕಂಪನಿಯ ಹೆಸರು ಹುಟ್ಟಿದ್ದು ಡಬಲ್ ಬೇಸಿನ ಕಾಲಿನಿಂದ!

ಅದಾಗಿ ಐದು ವರ್ಷಕ್ಕೆ, 1951ರಲ್ಲಿ, ಗಿಟಾರ್ ತಯಾರಿಸುತ್ತಿದ್ದ ಲಿಯೋ ಫೆಂಡರ್ ತನ್ನ ಎಲೆಕ್ಟ್ರಿಕ್ ವಾದ್ಯ ಪ್ರಿಸಿಷನ್ ಬೇಸ್ ತಂದರು. ಒಂದು ಗಟ್ಟಿ ಹಲಗೆ, ನಾಲ್ಕು ತಂತಿ, ವೀಣೆಯ ಮೆಟ್ಟಿಲಿನ ಹಾಗೆ ಫ್ರೆಟ್. ಬೆರಳು ಸುಮಾರಾಗಿ ಇಟ್ಟರೂ ಸ್ವರ ಕರಾರುವಾಕ್ಕಾಗಿ ಬರುತ್ತದೆ, ಅದಕ್ಕೇ ಆ ಹೆಸರು. ಈ ಹೆಸರೇ ಸ್ವಲ್ಪ ಚುಚ್ಚುವಂಥದ್ದು ನೋಡಿ. ಹತ್ತು ವರ್ಷ ಸಾಧನೆ ಮಾಡಿ ಮೆಟ್ಟಿಲಿಲ್ಲದ ಕೋಲಿನ ಮೇಲೆ ಸ್ವರಸ್ಥಾನ ಹುಡುಕಿಕೊಂಡವನ ಮುಂದೆ ಯಾರೋ ಬಂದು, ತಗೋ, ಇದರಲ್ಲಿ ಶ್ರುತಿ ತಪ್ಪುವುದಿಲ್ಲ ಅಂದರೆ ಹೇಗಾಗಬೇಡ?

ಲಯೊನೆಲ್ ಹ್ಯಾಂಪ್ಟನ್ ಅವರ ದೊಡ್ಡ ಬ್ಯಾಂಡ್ ಜಾಝ್‌ನಲ್ಲಿ ಇದನ್ನು ಮೊದಮೊದಲು ಕೈಗೆತ್ತಿಕೊಂಡಿತು. ಅಲ್ಲಿಗೆ ಬಂದ ಮಂಕ್ ಮಾಂಟ್ಗೊಮರಿ, ಗಿಟಾರ್‌ನ ವೆಸ್ ಮಾಂಟ್ಗೊಮರಿಯ ಅಣ್ಣ, ಡಬಲ್ ಬೇಸ್ ನುಡಿಸುತ್ತಿದ್ದವರು. ಹ್ಯಾಂಪ್ಟನ್ ಈ ಮಂಕ್ ಕೈಗೆ ಫೆಂಡರ್ ಕೊಟ್ಟರು. ಆ ಕಾಲದ ಬೇಸ್‌ನವರು ಆ ವಾದ್ಯವನ್ನು ಹೀನಾಯವಾಗಿ ಕಾಣುತ್ತಿದ್ದರು, ತಾವು ಕಲಿತದ್ದಕ್ಕೆ ಇದು ಕುತ್ತು ತರುತ್ತದೆ ಅಂತ ಹೆದರುತ್ತಿದ್ದರು ಅಂತ ಮಂಕ್ ಅವರೇ ಎಷ್ಟೋ ವರ್ಷದ ಮೇಲೆ ಹೇಳಿದ್ದಾರೆ. ಈ ಹೆದರಿಕೆಯನ್ನು ಸುಮ್ನೆ ಮಡಿವಂತಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹೊಟ್ಟೆಪಾಡಿನ ವಿಷಯ ಅದು. ಅರವತ್ತರ ದಶಕ ಬರುತ್ತಿದ್ದ ಹಾಗೆ ಸ್ಟುಡಿಯೋಗಳಲ್ಲಿ ಎಲೆಕ್ಟ್ರಿಕ್ ಬೇಕು ಅನ್ನುವವರು ಜಾಸ್ತಿಯಾದರು, ರೆಕಾರ್ಡುಗಳ ಹಿಂಬದಿಯಲ್ಲಿ "ಫೆಂಡರ್ ಬೇಸ್" ಅಂತಲೇ ಅಚ್ಚಾಗುತ್ತಿತ್ತು, ಬ್ರಾಂಡೇ ವಾದ್ಯದ ಹೆಸರಾಗಿಹೋಯಿತು. ಒಲ್ಲೆ ಅಂದವನಿಗೆ ಕೆಲಸ ಕಮ್ಮಿ. ಡೆಟ್ರಾಯಿಟ್‌ನ ರೆಕಾರ್ಡ್ ಕಂಪನಿ ಮೊಟೌನ್‌ನ ಹಾಡುಗಳಲ್ಲಿ ಕೇಳುವ ಆ ಕುಣಿಯುವ ಬೇಸ್ ಜೇಮ್ಸ್ ಜೇಮರ್‌ಸನ್ ಅವರದು, ಅವರೂ ಮೂಲತಃ ಡೆಟ್ರಾಯಿಟ್‌ನ ಜಾಝ್ ಕ್ಲಬ್ಬುಗಳ ಡಬಲ್ ಬೇಸ್ ವಾದಕರೇ. ಎಲೆಕ್ಟ್ರಿಕ್‌ಗೆ ಬಂದ ಮೇಲೂ ಒಂದೇ ತೋರುಬೆರಳಲ್ಲಿ, ಡಬಲ್ ಬೇಸ್ ಎಳೆದ ಹಾಗೆ ತಂತಿ ಎಳೆಯುತ್ತಿದ್ದರು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಡಬಲ್ ಬೇಸಿನ ತಂತಿ ಮೀಟಿದರೆ ಏನಾಗುತ್ತದೆ? ತಂತಿಯ ಅದುರು ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ, ಮೂಲಕ ಇಳಿದು ಇಡೀ ಮೇಲ್ಹಲಗೆಯನ್ನು ಅಲ್ಲಾಡಿಸುತ್ತದೆ. ಅಷ್ಟು ದೊಡ್ಡ ಹಲಗೆ ಗಾಳಿಯನ್ನು ತಳ್ಳಬೇಕಲ್ಲ, ತಂತಿಯ ಶಕ್ತಿಯೆಲ್ಲ ಬೇಗ ಖರ್ಚಾಗುತ್ತದೆ. ಹಾಗಾಗಿ ಸ್ವರ ದಪ್ಪವಾಗಿ ಹುಟ್ಟಿ ಬೇಗ ಕರಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಇರುವುದು ಗಟ್ಟಿ ಹಲಗೆ, ಅದು ಅಲ್ಲಾಡುವುದೇ ಇಲ್ಲ ಅಂದರೂ ಸರಿ. ತಂತಿಯ ಶಕ್ತಿ ತಂತಿಯಲ್ಲೇ ಉಳಿಯುತ್ತದೆ, ಸ್ವರ ಎಳೆದುಕೊಂಡು ಹೋಗುತ್ತದೆ.

ಇದರಲ್ಲೇನು ದೊಡ್ಡ ವಿಷಯ ಅನ್ನಬೇಡಿ. ಜಾಝ್‌ನಲ್ಲಿ ಬೇಸ್‌ನ ಮುಖ್ಯ ಕೆಲಸ ನಡೆಯುವುದು. ತಾಳದ ನಾಲ್ಕು ಪೆಟ್ಟಿಗೆ ನಾಲ್ಕು ಸ್ವರ, ಒಂದರ ಹಿಂದೆ ಒಂದು, ಹೆಜ್ಜೆ ಹಾಕಿದ ಹಾಗೆ. ಮೇಲೆ ಡ್ರಮ್ಸ್‌ನವನ ಸಿಂಬಲ್ ಟಿಂಗ್ ಟಿಂಗ್ ಅನ್ನುತ್ತಿರುತ್ತದೆ. ಬೇಸಿನ ಪ್ರತಿ ಹೆಜ್ಜೆಯೂ ಎದ್ದು, ಕರಗಿ, ಮುಂದಿನ ಹೆಜ್ಜೆಗೆ ಜಾಗ ಬಿಟ್ಟಾಗ ಆ ಸಂದಿಯಲ್ಲಿ ಸಿಂಬಲ್ ಉಸಿರಾಡುತ್ತದೆ. ಸ್ವಿಂಗ್ ಅನ್ನುತ್ತಾರಲ್ಲ, ಅದರ ಅರ್ಧ ಪಾಲು ಇರುವುದು ಈ ಸಂದಿಯಲ್ಲಿ ಅಂತ ನನ್ನ ಅನಿಸಿಕೆ. ಎಲೆಕ್ಟ್ರಿಕ್‌ನಲ್ಲಿ ಅದೇ ನಡಿಗೆ ನುಡಿಸಿ ನೋಡಿ. ಹೆಜ್ಜೆ ಕೇಳಿಸುವುದಿಲ್ಲ, ಕಾಲು ಎಳೆದುಕೊಂಡು ಹೋದ ಹಾಗೆ ಕೇಳುತ್ತದೆ, ಒಂದು ಸ್ವರದ ಬಾಲ ಇನ್ನೊಂದರ ತಲೆಗೆ ತಾಗುತ್ತದೆ. ಹಳೆಯ ಬೇಸ್‌ನವರು ಸುಮ್ಮಸುಮ್ಮನೆ ಗೊಣಗಲಿಲ್ಲ.

ತಮಾಷೆ ಅಂದರೆ ಫೆಂಡರ್‌ಗೂ ಇದು ಗೊತ್ತಿತ್ತು ಅನಿಸುತ್ತದೆ. ಹಳೆಯ ಪ್ರಿಸಿಷನ್ ಬೇಸ್‌ಗಳಲ್ಲಿ ಕುದುರೆಯ ಮೇಲೆ ಒಂದು ಲೋಹದ ಮುಚ್ಚಳ ಇರುತ್ತಿತ್ತು, ಅದರ ಒಳಗೆ ತಂತಿಗೆ ಒತ್ತುವ ಹಾಗೆ ಒಂದು ಮೆತ್ತೆ. ನಾದವನ್ನು ಗಿಡ್ಡ ಮಾಡುವುದಕ್ಕೆ! ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಇನ್ನು ಕೈಯ ವಿಷಯ. ಡಬಲ್ ಬೇಸಿನ ತಂತಿಯ ನುಡಿಯುವ ಉದ್ದ ಹೆಚ್ಚುಕಮ್ಮಿ 41-42 ಇಂಚು, ಫೆಂಡರ್‌ದು 34. ಕೆಳಗಿನ ಸ್ವರಗಳಲ್ಲಿ ನಮ್ಮ ಇಡೀ ಅಂಗೈ ಅಗಲಿಸಿದರೂ ಎರಡು ಅರ್ಧಸ್ವರದ ದೂರ ಮಾತ್ರ ಸಿಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಒಂದು ಬೆರಳಿಗೆ ಒಂದು ಫ್ರೆಟ್. ಇಲ್ಲಿಂದ ಅಲ್ಲಿಗೆ ಹೋದವನಿಗೆ ಆಟದ ಸಾಮಾನು ಹಿಡಿದ ಹಾಗೆ, ಅಲ್ಲಿಂದ ಇಲ್ಲಿಗೆ ಬಂದವನಿಗೆ ಮೊದಲ ವಾರವೇ ಬೆರಳ ತುದಿಯಲ್ಲಿ ಬೊಬ್ಬೆ. ಇಬ್ಬರೂ ಇನ್ನೊಬ್ಬರದನ್ನು ಸುಲಭ ಅಂದುಕೊಂಡು ಕೈ ಹಾಕಿ ಮುಖ ಕೆಡಿಸಿಕೊಳ್ಳುತ್ತಾರೆ.

ಜಾಝ್ ತುತ್ತೂರಿಯ ಮೈಲ್ಸ್ ಡೇವಿಸ್ ಗುಂಪಿನಲ್ಲಿ ನಡೆದದ್ದು ನೋಡಿದರೆ ಎಲ್ಲ ತರಹದ ಮನಸ್ಸೂ ಒಂದೇ ಕಡೆ ಸಿಗುತ್ತದೆ. ಬೇಸ್ ವಾದಕ ರಾನ್ ಕಾರ್ಟರ್ 1968ರಲ್ಲಿ ಮೈಲ್ಸ್ ಹತ್ತಿರ ಎಲೆಕ್ಟ್ರಿಕ್ ನುಡಿಸಿದರು, ಅದೇ ವರ್ಷ ಗುಂಪು ಬಿಟ್ಟರು. ಎಪ್ಪತ್ತರ ದಶಕದಲ್ಲಿ ಕೆಲವು ಕಡೆ ನುಡಿಸಿದರೂ ಕೊನೆಗೆ ಅದನ್ನು ಪೂರ್ತಿ ಕೆಳಗಿಟ್ಟರು. ಎರಡು ಸಾವಿರಕ್ಕೂ ಮೀರಿದ ರೆಕಾರ್ಡಿಂಗ್‌ಗಳಿಂದ ಗಿನ್ನೆಸ್ ದಾಖಲೆ ಅವರ ಹೆಸರಲ್ಲಿದೆ, ಕೆಲಸಕ್ಕೇನೂ ಕೊರತೆ ಆಗಲಿಲ್ಲ. ಅವರ ಜಾಗಕ್ಕೆ ಇಂಗ್ಲೆಂಡಿನಿಂದ ಬಂದ ಡೇವ್ ಹಾಲೆಂಡ್ ಎರಡನ್ನೂ ನುಡಿಸಿದರು. 1970ರಲ್ಲಿ ಅವರೂ ಹೊರಟರು, ಹೋಗಿ ಕಟ್ಟಿದ್ದು ಕರೆಂಟಿಲ್ಲದ ಗುಂಪು. ಆಮೇಲೆ ಮೈಲ್ಸ್ ಕರೆತಂದದ್ದು ಮೈಕಲ್ ಹೆಂಡರ್‌ಸನ್ ಅನ್ನುವ ಹತ್ತೊಂಬತ್ತರ ಹುಡುಗನನ್ನು, ಸ್ಟೀವಿ ವಂಡರ್ ತಂಡದವನು, ಶುದ್ಧ ಎಲೆಕ್ಟ್ರಿಕ್. ಮೈಲ್ಸ್‌ಗೆ ಆಗ ನಡಿಗೆ ಬೇಡವಾಗಿತ್ತು, ಸ್ವರಗಳ ಒಂದೇ ಚಿಕ್ಕ ಸಾಲನ್ನು ಇಪ್ಪತ್ತು ನಿಮಿಷ ಬಿಡದೆ ಹಿಡಿಯುವವನು ಬೇಕಿತ್ತು. ಸಂಗೀತವೇ ಬೇರೆಯಾದಾಗ ವಾದ್ಯವೂ ಬೇರೆಯಾಯಿತು, ಇದರಲ್ಲಿ ಜಗಳ ಏನಿದೆ?

ಒಲಿದು ಹೋದವರೂ ಇದ್ದಾರೆ. ಸ್ಟೀವ್ ಸ್ವಾಲೋ ಎಪ್ಪತ್ತರ ಸುಮಾರಿಗೆ ಎಲೆಕ್ಟ್ರಿಕ್ ಹಿಡಿದರು, ಡಬಲ್ ಬೇಸ್ ಬಿಟ್ಟೇಬಿಟ್ಟರು, ಎಲೆಕ್ಟ್ರಿಕ್ಕನ್ನು ಪಿಕ್, ಅಂದರೆ ಮೀಟುವ ಪುಟ್ಟ ಬಿಲ್ಲೆ, ಹಿಡಿದು ಎಷ್ಟು ಮೃದುವಾಗಿ ನುಡಿಸುತ್ತಾರೆ ಅಂದರೆ ನನ್ನ ಮೇಲಿನ ವಾದವೆಲ್ಲ ಸುಳ್ಳಾಗುತ್ತದೆ. ಜಾಕೊ ಪಾಸ್ಟೋರಿಯಸ್ ಕಥೆ ಇನ್ನೂ ಚೆಂದ. ಫ್ಲೋರಿಡಾದ ಸೆಖೆಗೆ ಅವರ ಡಬಲ್ ಬೇಸ್ ಬಿರುಕು ಬಿಟ್ಟಿತು, ಫೆಂಡರ್‌ಗೆ ಬಂದರು. ಆಮೇಲೆ ಅದರ ಫ್ರೆಟ್ ಎಲ್ಲ ಕಿತ್ತು, ದೋಣಿಗೆ ಬಳಿಯುವ ಎಪಾಕ್ಸಿ ಬಳಿದರು. ಮೆಟ್ಟಿಲಿಲ್ಲದ ಡಬಲ್ ಬೇಸನ್ನು ನೆನೆದು ಮಾಡಿದ್ದು, ಹುಟ್ಟಿದ್ದು ಮಾತ್ರ ಮೂರನೆಯದೇ ಒಂದು ದನಿ. 1976ರ ಅವರ ಮೊದಲ ರೆಕಾರ್ಡ್ ಕೇಳಿದ ಮೇಲೆ ಎಲೆಕ್ಟ್ರಿಕ್ ಜಾಝ್ ವಾದ್ಯವಲ್ಲ ಅಂತ ಬಾಯಿಬಿಡುವುದು ಕಷ್ಟ. ಜರ್ಮನಿಯ ಎಬರ್‌ಹಾರ್ಡ್ ವೇಬರ್ ಇನ್ನೊಂದು ದಾರಿ ಹಿಡಿದರು, ಒಡಲಿಲ್ಲದ, ನಿಂತೇ ನುಡಿಸುವ ಎಲೆಕ್ಟ್ರಿಕ್ ಡಬಲ್ ಬೇಸ್. ಅವರ ಗುಂಪಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು ಚಾರ್ಲಿ ಮರಿಯಾನೊ. ಹೌದು, ನಮ್ಮ ಬೆಂಗಳೂರಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ 'ಜ್ಯೋತಿ' ಅನ್ನುವ ರೆಕಾರ್ಡ್ ಮಾಡಿದ ಅದೇ ಮರಿಯಾನೊ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಚಾರ್ಲ್ಸ್ ಮಿಂಗಸ್ ಎಂಬ ಡಬಲ್ ಬೇಸ್ ದೈತ್ಯನ ಗುಂಪಿನಲ್ಲಿದ್ದವರು. ಈ ಕಡೆಯ ಬೇಸೂ ಆ ಕಡೆಯ ಬೇಸೂ ಎರಡನ್ನೂ ಕಂಡು ಕೊನೆಗೆ ಘಟ, ಮೃದಂಗದ ಹತ್ತಿರ ಬಂದು ಕೂತರು!

ಮಡಿವಂತಿಕೆ ತಾರಕಕ್ಕೆ ಹೋದದ್ದು ಎಂಬತ್ತರ ದಶಕದಲ್ಲಿ. ಎಪ್ಪತ್ತರಲ್ಲಿ ಡಬಲ್ ಬೇಸ್‌ನವರೇ ಉಕ್ಕಿನ ತಂತಿ ಹಾಕಿ, ಕುದುರೆಗೆ ಪಿಕಪ್ (ಅದುರನ್ನು ಹಿಡಿಯುವ ಪುಟ್ಟ ಸಾಧನ) ಅಂಟಿಸಿ, ವಯರನ್ನು ನೇರ ಮಿಕ್ಸರ್‌ಗೆ ಚುಚ್ಚಿಬಿಟ್ಟಿದ್ದರು. ಆ ಕಾಲದ ಕೆಲವು ರೆಕಾರ್ಡ್ ಕೇಳಿದರೆ ಮರದ ವಾದ್ಯ ರಬ್ಬರ್ ಬ್ಯಾಂಡ್ ಹಾಗೆ ಬೊಂಯ್ ಅನ್ನುತ್ತದೆ. ಇದಕ್ಕೆ ಉತ್ತರವಾಗಿ ಜಾಝ್ ಮನೆತನದ ಮಾರ್ಸಾಲಿಸ್ ಸಹೋದರರ ಪೈಕಿ ಡೆಲ್ಫೆಯೊ ತಾವು ನಿರ್ಮಿಸಿದ ರೆಕಾರ್ಡುಗಳ ಮೇಲೆ ಒಂದು ಸಾಲು ಅಚ್ಚು ಹಾಕಿಸುತ್ತಿದ್ದರು: ಬೇಸಿನ ಮರದ ನಾದ ಜಾಸ್ತಿ ಸಿಗಲಿ ಅಂತ ಆ ಭಯಂಕರ ನೇರ ವಯರ್ ಬಳಸಿಲ್ಲ. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಹಚ್ಚಬೇಕೋ ಬೇಡವೋ ಅಂತ ನಮ್ಮಲ್ಲಿ ನಡೆದ ಜಗಳ ಕೇಳಿದವರಿಗೆ ಇದು ಹೊಸದೇನಲ್ಲ. ಗಮನಿಸಿ, ಇಲ್ಲೂ ಬೈಗುಳ ಎಲೆಕ್ಟ್ರಿಕ್ ಬೇಸ್‌ಗೆ ಅಲ್ಲ, ಎಲೆಕ್ಟ್ರಿಕ್ ಆಗಲು ಹೊರಟ ಡಬಲ್ ಬೇಸ್‌ಗೆ.

ಈಗಿನವರಿಗೆ ಇದೆಲ್ಲ ತಾತನ ಕಾಲದ ವ್ಯಾಜ್ಯ. ಕ್ರಿಶ್ಚಿಯನ್ ಮೆಕ್‌ಬ್ರೈಡ್ ಮೊದಲು ಕಲಿತದ್ದೇ ಎಲೆಕ್ಟ್ರಿಕ್, ಅಪ್ಪ ಅದನ್ನೇ ನುಡಿಸುವವರು, ಡಬಲ್ ಬೇಸ್ ಆಮೇಲೆ ಬಂತು. ಎಸ್ಪೆರಾಂಜಾ ಸ್ಪಾಲ್ಡಿಂಗ್, ಜಾನ್ ಪಾಟಿಟುಚಿ, ಅವರಿಗಿಂತ ಮೊದಲೇ ಸ್ಟಾನ್ಲಿ ಕ್ಲಾರ್ಕ್, ಎಲ್ಲರೂ ಎರಡನ್ನೂ ಇಟ್ಟುಕೊಂಡವರು.

ನಾನು ಜಾಸ್ತಿ ನೆನೆಯುವುದು ಮಾತ್ರ ಬಾಬ್ ಕ್ರಾನ್‌ಶಾ ಅವರನ್ನು. 1962ರಲ್ಲಿ ಸ್ಯಾಕ್ಸೊಫೋನ್‌ನ ಸಾನಿ ರಾಲಿನ್ಸ್ ಜೊತೆ ಅವರು ನುಡಿಸಿದ ಡಬಲ್ ಬೇಸ್ ಕೇಳಿಯೇ ನಾನು ಈ ವಾದ್ಯಕ್ಕೆ ಮರುಳಾದದ್ದು. ಆಮೇಲೆ ಅವರು ಎಲೆಕ್ಟ್ರಿಕ್‌ಗೆ ಹೋದರು. ಮಡಿವಂತರು ಬೈದರು, ರಾಲಿನ್ಸ್ ಅಂಥವರ ಪಕ್ಕ ಇದೇನು ಅಂದರು. ಕಾರು ಅಪಘಾತದಲ್ಲಿ ಅವರ ಬೆನ್ನು ಪೆಟ್ಟು ತಿಂದಿತ್ತು, ಆ ಬದಲಾವಣೆಗೆ ಅದೂ ಒಂದು ಕಾರಣ. ರಾಲಿನ್ಸ್ ತಲೆ ಕೆಡಿಸಿಕೊಳ್ಳಲಿಲ್ಲ, ದಶಕಗಳ ಕಾಲ ಅವರನ್ನೇ ಜೊತೆಗಿಟ್ಟುಕೊಂಡರು.

ಕಳೆದ ವರ್ಷ ನನ್ನ ಬೆನ್ನೂ ಹಿಡಿದುಕೊಂಡಿತು. ಲಿಫ್ಟ್ ಕೆಟ್ಟ ದಿನ ಮೂರು ಮಹಡಿ ಹತ್ತಿಸಿದ್ದರ ಫಲ. ಮೂರು ತಿಂಗಳು ಭಾರ ಎತ್ತಬೇಡಿ ಅಂದರು ಡಾಕ್ಟರು. ಗೆಳೆಯನ ಹತ್ತಿರ ಎಲೆಕ್ಟ್ರಿಕ್ ಎರವಲು ತಂದೆ, ಅಭ್ಯಾಸಕ್ಕೆ ಹೋದೆ. ಎರಡು ಹಾಡು ಆದ ಮೇಲೆ ನಮ್ಮ ಡ್ರಮ್ಸ್‌ನವನು ಕಡ್ಡಿ ಕೆಳಗಿಟ್ಟು, "ಗುರೂ, ನೀನು ನಿಲ್ಲಿಸ್ತಾನೇ ಇಲ್ಲ, ನಾನು ಎಲ್ಲಿ ನುಗ್ಗಲಿ?" ಅಂದ. ಅವನು ಹೇಳಿದ್ದು ಅದೇ ಸಂದಿಯ ವಿಷಯ. ಡಬಲ್ ಬೇಸ್‌ನಲ್ಲಿ ಸ್ವರ ತಾನಾಗಿ ಸಾಯುತ್ತದೆ, ಇದರಲ್ಲಿ ಪ್ರತಿಯೊಂದನ್ನೂ ನಾನೇ ಕೊಲ್ಲಬೇಕು. ಎಡಗೈ ಸಡಿಲಿಸಿ, ಬಲಗೈ ಅಂಚಿನಲ್ಲಿ ಒತ್ತಿ, ಏನೇನೋ ಮಾಡಿದೆ. ಮನೆಗೆ ಬಂದವನು ಆ ಲೋಹದ ಮುಚ್ಚಳದ ಒಳಗಿನ ಮೆತ್ತೆ ನೆನಪಾಗಿ ನೇರ ಅಡುಗೆಮನೆಗೆ ಹೋದೆ. ಪಾತ್ರೆ ತೊಳೆಯುವ ಸ್ಪಾಂಜನ್ನು ಉದ್ದಕ್ಕೆ ಕತ್ತರಿಸಿ, ಕುದುರೆಯ ಪಕ್ಕ ತಂತಿಯ ಅಡಿಗೆ ತುರುಕಿದೆ. ಮುಂದಿನ ವಾರ ಡ್ರಮ್ಸ್‌ನವನು ಏನೂ ಹೇಳಲಿಲ್ಲ, ತಲೆ ಅಲ್ಲಾಡಿಸಿಕೊಂಡು ನುಡಿಸುತ್ತಾ ಹೋದ.

ಬೆನ್ನು ವಾಸಿಯಾಗಿದೆ, ದೊಡ್ಡದು ಮತ್ತೆ ಲಿಫ್ಟ್ ಹತ್ತುತ್ತಿದೆ. ಎರವಲು ತಂದದ್ದನ್ನು ಮಾತ್ರ ಇನ್ನೂ ವಾಪಸ್ ಕೊಟ್ಟಿಲ್ಲ.