ಮಲಗುವ ಕೋಣೆಯ ಪರದೆ: ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು

ವಿಜಯಪುರದಲ್ಲಿ ಪರದೆ ಹೊಲಿದು, ಮನೆಗೆ ಹೋಗಿ ಹಾಕಿಕೊಡುವುದು ನನ್ನ ಕೆಲಸ. ಬಂದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ಹಾಲ್‌ಗಾದರೆ ಅಷ್ಟೇ ಸಾಕು. ಮಲಗುವ ಕೋಣೆಗೆ ಅಂದರೆ ಮಾತ್ರ ನಾನು ತಕ್ಷಣ ಥಾನು ಬಿಚ್ಚುವುದಿಲ್ಲ. ಅಲ್ಲಿ ಯಾರು ಮಲಗುತ್ತಾರೆ, ಎಷ್ಟು ಹೊತ್ತಿಗೆ ಮಲಗುತ್ತಾರೆ, ಕಿಟಕಿ ಯಾವ ದಿಕ್ಕಿಗಿದೆ ಅಂತ ಕೇಳುತ್ತೇನೆ.

ಇದನ್ನು ನನಗೆ ಕಲಿಸಿದ್ದು ಒಬ್ಬ ನರ್ಸ್ ಮನೆ. ಅವರು ರಾತ್ರಿ ಪಾಳಿ ಮುಗಿಸಿ ಬಂದು ಹಗಲಲ್ಲಿ ಮಲಗುವವರು. ಬೆಳಕು ತಡೆಯುವ ಲೇಪನವಿರುವ ದಪ್ಪನೆಯ ಬ್ಲ್ಯಾಕ್‌ಔಟ್ ಪರದೆ ಬೇರೆ ಕಡೆಯಿಂದ ತಂದು ಹಾಕಿಸಿದ್ದರು. "ಇಷ್ಟು ದುಡ್ಡು ಹಾಕಿದರೂ ಕತ್ತಲೆ ಆಗ್ತಿಲ್ಲ, ಬಟ್ಟೆ ಬದಲಿಸಿ ಕೊಡಿ" ಅಂದರು. ನಡುಮಧ್ಯಾಹ್ನ ಹೋಗಿ, ಬಾಗಿಲು ಮುಚ್ಚಿ, ಲೈಟ್ ಆರಿಸಿ ಸುಮ್ನೆ ನಿಂತೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡಿದರೆ ಬಟ್ಟೆಯೊಳಗಿಂದ ಚೂರೂ ಬೆಳಕು ಬರುತ್ತಿರಲಿಲ್ಲ. ರಾಡ್ ಮೇಲಿನಿಂದ ನುಗ್ಗಿದ ಬೆಳಕು ಸೀಲಿಂಗ್ ಮೇಲೆ ಅಗಲವಾಗಿ ಹರಡಿತ್ತು. ರಾಡ್ ತೂರಿಸಲು ಬಟ್ಟೆಯ ಮೇಲಂಚಿಗೆ ಹಾಕಿದ ಐಲೆಟ್ ಬಳೆಗಳ ಪಕ್ಕ ಒಂದೊಂದು ಸಂದು. ಎರಡೂ ಬದಿಗೆ ಉದ್ದನೆಯ ಬಿಳಿ ಪಟ್ಟಿ, ಅದರಲ್ಲಿ ಒಂದು ನೇರ ದಿಂಬಿನ ಮೇಲೆ.

ಬಟ್ಟೆ ಬದಲಿಸಲಿಲ್ಲ. ಐಲೆಟ್ ಪಟ್ಟಿ ಕತ್ತರಿಸಿ ಪ್ಲೀಟ್, ಅಂದರೆ ನೆರಿಗೆ, ಹೊಲಿದೆ. ಕಿಟಕಿಗಿಂತ ಎರಡೂ ಕಡೆ 8 ಇಂಚು ಜಾಸ್ತಿ ಬರುವ ಹಾಗೆ ಟ್ರ್ಯಾಕ್ ಹಾಕಿ, ಮೇಲೆ ಅದನ್ನು ಮುಚ್ಚುವ ಪ್ಲೈವುಡ್ಡಿನ ಪೆಟ್ಟಿಗೆ, ಅಂದರೆ ಪೆಲ್ಮೆಟ್, ಕೂರಿಸಿದೆ. ಪರದೆಯ ಹೊರ ಅಂಚನ್ನು ಗೋಡೆ ಕಡೆ ತಿರುಗಿಸಿ ವೆಲ್ಕ್ರೋ ಹಚ್ಚಿದೆ. ನಡುವೆ ಎರಡು ಪರದೆ ಒಂದರ ಮೇಲೊಂದು 4 ಇಂಚು ಬರಬೇಕು, ಇಲ್ಲದಿದ್ದರೆ ಫ್ಯಾನ್ ಗಾಳಿಗೆ ಬಾಯಿ ಬಿಡುತ್ತವೆ. ಉದ್ದ ಸ್ವಲ್ಪ ಕಡಿಮೆಯಾಯಿತು, ಆದರೆ ಕಿಟಕಿಯ ಕೆಳಗೆ ಒಂದು ಫೂಟು ಇಳಿದಿದ್ದರೆ ಸಾಕು. ಅಲ್ಲಿಂದ ಈಚೆಗೆ ಟೇಪ್ ಹಿಡಿದರೆ ಕಿಟಕಿಯ ಜೊತೆ ಸುತ್ತಲಿನ ಗೋಡೆಯನ್ನೂ ಅಳೆಯುತ್ತೇನೆ. ಚೌಕಟ್ಟಿನ ಒಳಗೆ ಕೂರುವ ರೋಲರ್ ಬ್ಲೈಂಡ್ ಎರಡೂ ಬದಿಗೆ ಸಂದು ಬಿಡುತ್ತದೆ. ತೆಳು, ದಪ್ಪ ಪಟ್ಟಿಗಳು ಒಂದಾದ ಮೇಲೊಂದು ಬರುವ ಜೀಬ್ರಾ ಬ್ಲೈಂಡಿನಲ್ಲಿ ಬೆಳಕು ಇನ್ನೂ ಜಾಸ್ತಿ ನುಗ್ಗುತ್ತದೆ. ನೋಡಲು ಚೆಂದ, ಆದರೆ ಹಗಲು ಮಲಗುವವರಿಗೆ ಅದೊಂದನ್ನೇ ಹಾಕಿ ಅಂತ ನಾನು ಹೇಳಲಾರೆ.

ಒಂದು ಗೆರೆ ಬೆಳಕಿಗೆ ಇಷ್ಟೆಲ್ಲಾ ಯಾಕೆ ಅಂತ ಕೇಳುತ್ತಾರೆ. ಕತ್ತಲಾದಾಗ ಮೆದುಳಿನಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಏರಿ, ಇದು ಮಲಗುವ ಹೊತ್ತು ಅಂತ ದೇಹಕ್ಕೆ ತಿಳಿಸುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಅದು ಇಳಿಯುತ್ತದೆ. ನೀಲಿ ಅಂಶ ಇರುವ ಬಿಳಿ ಬೆಳಕಿಗೆ ಜಾಸ್ತಿ ಇಳಿಯುತ್ತದೆ. ಕಣ್ಣು ಮುಚ್ಚಿದ್ದರೂ ರೆಪ್ಪೆ ಪೂರ್ತಿ ತಡೆಯುವುದಿಲ್ಲ. ಮನೆ ಮುಂದೆ ಬಿಳಿ ಎಲ್‌ಇಡಿ ಬೀದಿದೀಪ ಇರುವವರು ಇದನ್ನು ನೆನಪಿಡಬೇಕು.

ಇನ್ನು ನಮ್ಮ ಊರಿನ ಬಿಸಿಲು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಹೊಸದಲ್ಲ. ಪಶ್ಚಿಮದ ಕಿಟಕಿಗೆ ಎಷ್ಟು ದಪ್ಪ ಪರದೆ ಹಾಕಿದರೂ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ. ಝಳ ಗಾಜಿಗೂ ಪರದೆಗೂ ನಡುವೆ ಕೂತು ನಿಧಾನಕ್ಕೆ ಕೋಣೆಗೆ ಇಳಿಯುತ್ತದೆ. ಅದಕ್ಕೇ ಹೊರಗಡೆ ಬಿದಿರಿನ ಚಿಕ್ (ಕಡ್ಡಿ ಪರದೆ) ಕಟ್ಟಿಸಿ ಅನ್ನುತ್ತೇನೆ. ಬಿಸಿಲನ್ನು ಗಾಜಿನಾಚೆಗೇ ನಿಲ್ಲಿಸಬೇಕು. ಲಾವಂಚದ ಚಾಪೆ ಇಳಿಬಿಟ್ಟು ನೀರು ಚಿಮುಕಿಸಿದರೆ ಇನ್ನೂ ಒಳ್ಳೆಯದು. ನಮ್ಮದು ಒಣ ಹವೆ, ನೀರು ಬೇಗ ಆರುವಾಗ ಒಳಗೆ ತಂಪು ಕೊಡುತ್ತದೆ. ಉತ್ತರದ ಕಿಟಕಿಗೆ ಬಿಸಿಲೇ ಬರೋದಿಲ್ಲ ಅಂತ ಹಲವರು ಅಂದುಕೊಂಡಿರುತ್ತಾರೆ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮ ಊರಲ್ಲಿ ಸೂರ್ಯ ಮಧ್ಯಾಹ್ನವೂ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಹುಟ್ಟುವಾಗ, ಮುಳುಗುವಾಗ ಇನ್ನೂ ಉತ್ತರಕ್ಕೆ ಸರಿದಿರುತ್ತಾನೆ. ಮೋಡ ಇಲ್ಲದ ಮೇ ತಿಂಗಳಲ್ಲಿ ಆ ಕಿಟಕಿಗೂ ಬಿಸಿಲು ಓರೆಯಾಗಿ ಬೀಳುತ್ತದೆ.

ರಾತ್ರಿಯ ಕಷ್ಟ ಬೇರೆ. ಹಗಲೆಲ್ಲಾ ಕಾದ ಸ್ಲ್ಯಾಬು ಮಲಗುವ ಹೊತ್ತಿಗೂ ಬಿಸಿ ಬಿಡುತ್ತಿರುತ್ತದೆ. ಕಿಟಕಿ ತೆರೆಯಲೇಬೇಕು, ಆದರೆ ಬ್ಲ್ಯಾಕ್‌ಔಟ್ ಬಟ್ಟೆ ಗಾಳಿಯನ್ನೂ ತಡೆಯುತ್ತದೆ. ಎರಡು ಕಿಟಕಿ ಇದ್ದರೆ ಬೀದಿದೀಪದ ಕಡೆಯದಕ್ಕೆ ಮಾತ್ರ ಬ್ಲ್ಯಾಕ್‌ಔಟ್, ಇನ್ನೊಂದಕ್ಕೆ ತೆಳು ಕಾಟನ್. ಒಂದೇ ಇದ್ದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಕಿಟಕಿ ತೆರೆದು ಮಲಗಿ ಅಂತ ನೇರವಾಗಿ ಹೇಳುತ್ತೇನೆ. ನನ್ನ ಒಂದು ಪರದೆ ಕಡಿಮೆ ಮಾರಾಟವಾದರೂ ಪರವಾಗಿಲ್ಲ, ಅವರಿಗೆ ನಿದ್ದೆ ಬರಬೇಕು ಅಲ್ವಾ.

ರಾತ್ರಿ ಮಲಗಿ ಬೆಳಿಗ್ಗೆ ಶಾಲೆ, ಆಫೀಸಿಗೆ ಹೋಗುವವರಿಗೆ ಗವ್ವನೆ ಕತ್ತಲೆ ಮಾಡಿಕೊಡಲು ನನಗೆ ಮನಸ್ಸಿಲ್ಲ. ಬೆಳಗಿನ ಬೆಳಕು ಕಂಡರೆ ದೇಹದ ಗಡಿಯಾರ ಸರಿಯಾಗುತ್ತದೆ, ಏಳುವುದೂ ಸಲೀಸು. ಮಕ್ಕಳ ಕೋಣೆಗೆ ಲೈನಿಂಗ್ ಹಾಕಿದ ಕಾಟನ್ ಸಾಕು. ವಯಸ್ಸಾದವರಿದ್ದರೆ ರಾತ್ರಿ ಎದ್ದು ಹೋಗುವ ದಾರಿಯಲ್ಲಿ, ನೆಲದ ಹತ್ತಿರ, ಮಂದ ಹಳದಿ ದೀಪ ಇಡಿಸಿ.

ಬ್ಲ್ಯಾಕ್‌ಔಟ್ ಬಟ್ಟೆಯ ಲೇಪನದ ಬದಿ ಕಿಟಕಿ ಕಡೆಗಿರಲಿ. ಬಿಸಿನೀರಲ್ಲಿ ನೆನೆಸಬೇಡಿ, ಹಿಂಡಬೇಡಿ. ಲೇಪನ ಬಿರುಕು ಬಿಟ್ಟರೆ ಸೂಜಿ ಚುಚ್ಚಿದಂಥ ತೂತುಗಳಲ್ಲಿ ಬೆಳಕು ಇಣುಕುತ್ತದೆ, ಅದಕ್ಕೆ ಮತ್ತೆ ರಿಪೇರಿ ಇಲ್ಲ. ಬಾಡಿಗೆ ಮನೆಯವರು ಗೋಡೆಗೆ ಡ್ರಿಲ್ ಹೊಡೆಯುವಂತಿಲ್ಲ ಅಂತ ಬರುತ್ತಾರೆ. ಅವರಿಗೆ ಚೌಕಟ್ಟಿನ ಅಳತೆಗೆ ಬ್ಲ್ಯಾಕ್‌ಔಟ್ ಬಟ್ಟೆ ಹೊಲಿದು ಸುತ್ತ ವೆಲ್ಕ್ರೋ ಹಚ್ಚಿಕೊಡುತ್ತೇನೆ. ಬೇಕಾದಾಗ ಅಂಟಿಸಿ, ಬೇಡವಾದಾಗ ಕಿತ್ತು ಮಡಚಿಡಬಹುದು. ಮನೆ ಬದಲಿಸುವಾಗ ಅದನ್ನೂ ಜೊತೆಗೆ ಒಯ್ಯಬಹುದು.